ಫೋನಲ್ಲಿ ಬೇಡ, ಊರಿಗೆ ಬಂದಾಗ ಹೇಳ್ತೇನೆ

ಅಣ್ಣ ಶಾರ್ಜಾದಲ್ಲಿದ್ದಾನೆ. ವಾರಕ್ಕೊಮ್ಮೆ ವೀಡಿಯೊ ಕಾಲ್ ಮಾಡುತ್ತಾನೆ. ಅಮ್ಮ ಅಡುಗೆಮನೆ ಕಟ್ಟೆ ಮೇಲೆ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಟ್ಟು, ಬಂಗುಡೆ ಕೊಯ್ಯುತ್ತಲೇ ಮಾತಾಡುತ್ತಾಳೆ. ಮೀನಿನ ರೇಟು, ಪಕ್ಕದ ಮನೆಯವರ ಕಂಪೌಂಡ್ ತಕರಾರು, ಈ ಸಲ ಕೋಲ ಯಾವಾಗ, ಚಿಕ್ಕಮ್ಮನ ಮಗಳ ಸಂಬಂಧ ಎಲ್ಲಿಗೆ ಬಂತು, ಎಲ್ಲವೂ ಬರುತ್ತದೆ. (ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.) ಒಂದು ಸಲ ಅಮ್ಮ, "ನಿಮ್ಮ ಕ್ಯಾಂಪಲ್ಲಿ ಎಂಥದೋ ಗಲಾಟೆ ಅಂತೆ, ಹೌದಾ?" ಅಂತ ಕೇಳಿದಳು. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದೆಲ್ಲ ಫೋನಲ್ಲಿ ಬೇಡಮ್ಮ. ಊರಿಗೆ ಬಂದಾಗ ಹೇಳ್ತೇನೆ" ಅಂದ. ಅಂದವನೇ, ಬಂಗುಡೆಗೆ ಎಷ್ಟು ಕೊಟ್ಟೆ ಅಂತ ಕೇಳಿದ.

ಉಡುಪಿ, ಮಂಗಳೂರು ಕಡೆ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಹಾಗಾಗಿ ಈ ಮಾತು ಕೇಳದ ಕುಟುಂಬವೂ ಕಡಿಮೆ. ಈಗೀಗ ಊರೊಳಗೂ ಇದೇ ಧಾಟಿ ಕೇಳಿಸುತ್ತಿದೆ. "ಗ್ರೂಪಲ್ಲಿ ಹಾಕ್ಬೇಡ ಮಾರಾಯ." "ಕಾಲಲ್ಲಿ ಬೇಡ, ಎದುರು ಸಿಗು." ಹೀಗೆ ಹೇಳುವವರಲ್ಲಿ ಪಿಯು ಕಾಲೇಜಿನ ಲೆಕ್ಚರರ್ ಇದ್ದಾರೆ, ರಿಕ್ಷಾ ಓಡಿಸುವವರಿದ್ದಾರೆ, ಸೊಸೈಟಿ ಬ್ಯಾಂಕಿನ ಗುಮಾಸ್ತರಿದ್ದಾರೆ. ಯಾರೂ ಕಳ್ಳರಲ್ಲ.

ಆದರೆ ಖಾಸಗಿತನ ಅಂತ ನೇರವಾಗಿ ಮಾತು ತೆಗೆಯಿರಿ. ಇದೇ ಜನ, "ನನ್ನ ಹತ್ರ ಮುಚ್ಚಿಡ್ಲಿಕ್ಕೆ ಎಂಥ ಉಂಟು?" ಅನ್ನುತ್ತಾರೆ. ನಿಜವೇ, ನಮ್ಮ ಮನೆಯ ಬಂಗುಡೆ ರೇಟು ಗೊತ್ತಾಗಿ ಯಾವ ಸರ್ಕಾರಕ್ಕೂ ಆಗಬೇಕಾದ್ದು ಏನೂ ಇಲ್ಲ. ಆದರೆ ನಾವು ಬರೆದದ್ದು, ಹೋದ ಜಾಗ, ಮಾಡಿದ ಕಾಲ್ ಎಲ್ಲೋ ದಾಖಲಾಗಿ ಕೂತಿರುತ್ತದೆ. ಅದು ಅಲ್ಲೇ ಇರುತ್ತದೆ, ಓದುವವರು ಬದಲಾಗುತ್ತಾ ಹೋಗುತ್ತಾರೆ. ಇವತ್ತು ಗೆಳೆಯ, ನಾಳೆ ಠಾಣೆಯವರು, ನಾಡಿದ್ದು ಇನ್ನೊಂದು ದೇಶದ ಠಾಣೆಯವರು. ಅವರು ಕೊಟ್ಟ ಅರ್ಥವೇ ಆಗ ಅರ್ಥ. ಕರಾವಳಿಗೆ ಇದು 2019ರ ಡಿಸೆಂಬರ್‌ನ ಒಂದೇ ವಾರದಲ್ಲಿ ಮೂರು ಕಡೆಯಿಂದ ಬಂದು ತಾಗಿತು. ಮೂರನ್ನೂ ಸೇರಿಸಿ ನೋಡುವಷ್ಟು ಪುರುಸೊತ್ತು ಆವಾಗ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಆ ಗುರುವಾರ, ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಮಂಗಳೂರಿನಲ್ಲಿ ಪ್ರತಿಭಟನೆಗೆ ಜನ ಸೇರಿದ್ದರು. ನಿಷೇಧಾಜ್ಞೆ ಇತ್ತು. ಲಾಠಿ ಚಾರ್ಜ್, ಕಲ್ಲು, ಕೊನೆಗೆ ಬಂದರ್ ಪರಿಸರದಲ್ಲಿ ಗೋಲಿಬಾರ್. ಇಬ್ಬರು ಸತ್ತರು. ನಗರಕ್ಕೆ ಕರ್ಫ್ಯೂ ಬಿತ್ತು. ರಾತ್ರಿ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ಬಂದ್ ಅಂತ ಆದೇಶ ಬಂತು. ನಾನಾಗ ಮಂಗಳೂರಿನಲ್ಲಿ ರೂಮ್ ಮಾಡಿಕೊಂಡಿದ್ದೆ. ಶಾರ್ಜಾಕ್ಕೆ "ಹುಷಾರಾಗಿದ್ದೇನೆ" ಅಂತ ಎಸ್‌ಎಂಎಸ್ ಹಾಕಿದೆ. ಎಷ್ಟೋ ವರ್ಷದ ಮೇಲೆ ಎಸ್‌ಎಂಎಸ್ ಟೈಪ್ ಮಾಡಿದ್ದು ಆವತ್ತು. ಮರುದಿನ ವೆನ್ಲಾಕ್ ಆಸ್ಪತ್ರೆ ಹತ್ತಿರ ವರದಿಗೆ ನಿಂತಿದ್ದ ಕೇರಳದ ಪತ್ರಕರ್ತರನ್ನು ಪೊಲೀಸರು ಗಂಟೆಗಟ್ಟಲೆ ವಶದಲ್ಲಿಟ್ಟುಕೊಂಡು, ಕೊನೆಗೆ ತಲಪಾಡಿ ಗಡಿಗೆ ಬಿಟ್ಟರು.

ಅದೇ ದಿನಗಳಲ್ಲಿ ಸೌದಿ ಅರೇಬಿಯಾದಲ್ಲಿ ಉಡುಪಿ ಜಿಲ್ಲೆಯ ಒಬ್ಬರು ಬಂಧನಕ್ಕೊಳಗಾದರು. ಅವರ ಹೆಸರು, ಫೋಟೊ ಇದ್ದ ಫೇಸ್‌ಬುಕ್ ಖಾತೆಯೊಂದರಲ್ಲಿ ಸೌದಿ ಯುವರಾಜನ ವಿರುದ್ಧ ಅವಹೇಳನದ ಪೋಸ್ಟ್ ಬಂದಿತ್ತು. ಆ ಖಾತೆ ಅವರದ್ದೇ ಅಲ್ಲ ಅಂತ ಊರಿನಲ್ಲಿ ಹೆಂಡತಿ ಪೊಲೀಸರಿಗೆ ದೂರು ಕೊಟ್ಟರು. ಉಡುಪಿ ಪೊಲೀಸರು ತನಿಖೆ ಮಾಡಿದಾಗ ಅದು ಬೇರೆಯವರು ತೆರೆದ ನಕಲಿ ಖಾತೆ ಅಂತ ಗೊತ್ತಾಯಿತು. ಆರೋಪಿಗಳು ಸಿಕ್ಕಿದ್ದು ಇದೇ ಕರಾವಳಿಯಲ್ಲಿ. ಇಷ್ಟೆಲ್ಲ ಆಗಿಯೂ ಆ ಮನುಷ್ಯ ಊರು ಕಂಡದ್ದು 2021ರ ಆಗಸ್ಟ್‌ನಲ್ಲಿ. ಸುಮಾರು 20 ತಿಂಗಳು ಹೋಯಿತು.

ಮಂಗಳೂರಿನ ಇನ್ನೊಬ್ಬರ ಕಥೆಯೂ ಹೆಚ್ಚುಕಮ್ಮಿ ಹೀಗೇ. ನಕಲಿ ಖಾತೆ ಅಂತ ಮನೆಯವರ ದೂರು, ಸೌದಿ ದೊರೆಯ ವಿರುದ್ಧ ಪೋಸ್ಟ್, ಅಲ್ಲಿ ಜೈಲು. 2023ರ ಜೂನ್‌ನಲ್ಲಿ ಅವರ ಹೆಂಡತಿಯ ಅರ್ಜಿ ವಿಚಾರಣೆಗೆ ಬಂದಾಗ ಕರ್ನಾಟಕ ಹೈಕೋರ್ಟ್ ಸಿಟ್ಟಾಯಿತು. ಪೊಲೀಸರ ತನಿಖೆಗೆ ಸಹಕಾರ ಕೊಡದಿದ್ದರೆ ಭಾರತದಲ್ಲಿ ಫೇಸ್‌ಬುಕ್ಕನ್ನೇ ಮುಚ್ಚಿಸುವ ಬಗ್ಗೆ ಯೋಚಿಸಬೇಕಾದೀತು ಅಂತ ಎಚ್ಚರಿಸಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಎರಡೂ ಕೇಸಿನಲ್ಲಿ ಆ ಖಾತೆ ಯಾರು ತೆರೆದರು, ಎಲ್ಲಿಂದ ತೆರೆದರು ಅನ್ನುವ ಮಾಹಿತಿ ನಮ್ಮ ಪೊಲೀಸರಿಗೆ ಬೇಕೇ ಬೇಕಿತ್ತು. ಅದಕ್ಕೆ ನನ್ನದೇನೂ ತಕರಾರಿಲ್ಲ. ಒಂದು ದೂರಿದೆ, ಒಂದು ಖಾತೆಯಿದೆ, ಒಂದು ಕೇಸಿದೆ, ಮೇಲೆ ಕೋರ್ಟ್ ಇದೆ. ಇದು ತನಿಖೆ. ಖಾಸಗಿತನ ಬೇಕು ಅನ್ನುವವರು ತನಿಖೆಯೇ ಬೇಡ ಅನ್ನುತ್ತಾರೆ ಅಂತ ಸುಮ್ನೆ ಒಂದು ಗಾಳಿಮಾತು ಇದೆ, ಅದಕ್ಕೆ ಇಷ್ಟು ಹೇಳಿದೆ.

ಮೂರನೆಯದು ಆ ಗಲಾಟೆಯಲ್ಲಿ ಇಲ್ಲಿ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜು ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಆವಾಗ ಅಲ್ಲಿನವರು ಸರ್ಕಾರ ಒಪ್ಪಿದ ಆ್ಯಪ್‌ಗಳಿಗೆ ದುಡ್ಡು ಕಟ್ಟಿ ಮನೆಗೆ ಕಾಲ್ ಮಾಡಬೇಕಿತ್ತು. 2019ರಲ್ಲಿ ಟೋಟಾಕ್ ಅಂತ ಒಂದು ಆ್ಯಪ್ ಬಂತು. ಪೂರಾ ಫ್ರೀ, ವೀಡಿಯೊ ಸ್ಪಷ್ಟ. ದುಬೈ ಮಕ್ಕಳಿರುವ ಊರಿನ ಅಮ್ಮಂದಿರ ಫೋನಿಗೂ ಅದು ಬಂತು. ಡಿಸೆಂಬರ್ 22ರಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು: ಇದು ಯುಎಇ ಸರ್ಕಾರ ಜನರ ಮೇಲೆ ಬೇಹುಗಾರಿಕೆ ಮಾಡಲು ಬಳಸುವ ಸಾಧನ. ಕಂಪನಿ ಅಲ್ಲಗಳೆಯಿತು. ಆಪಲ್, ಗೂಗಲ್ ಎರಡೂ ಅಷ್ಟರೊಳಗೆ ತಮ್ಮ ಸ್ಟೋರ್‌ನಿಂದ ಅದನ್ನು ತೆಗೆದಿದ್ದವು. ಆ ವರದಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಆ್ಯಪ್ ಯಾರ ಫೋನನ್ನೂ ಹ್ಯಾಕ್ ಮಾಡಬೇಕಾಗಿಯೇ ಇರಲಿಲ್ಲ. ಲೊಕೇಶನ್, ಕಾಂಟ್ಯಾಕ್ಟ್, ಮೈಕ್, ಕ್ಯಾಮೆರಾ ಎಲ್ಲದಕ್ಕೂ ಜನರೇ "ಅಲೋ" ಒತ್ತಿ ಕೊಟ್ಟಿದ್ದರು. ಮೊದಲು ಬೇರೆ ದಾರಿ ಮುಚ್ಚಿ, ಆಮೇಲೆ ಒಂದೇ ಬಾಗಿಲು ತೆರೆದಿಟ್ಟರೆ ಎಲ್ಲರೂ ಅದರಲ್ಲೇ ಹೋಗುತ್ತಾರೆ ಅಲ್ವಾ?

ಹಾಗಾದರೆ ದೊಡ್ಡ ಅಮೆರಿಕನ್ ಕಂಪನಿಗಳೇ ಗಟ್ಟಿ ಅನ್ನೋಣವೆಂದರೆ ಅದೂ ಅಷ್ಟಕ್ಕಷ್ಟೆ. ಟ್ವಿಟರ್‌ನಲ್ಲಿ ಕೆಲಸಕ್ಕಿದ್ದವನೇ ಸೌದಿ ಪರವಾಗಿ ಬಳಕೆದಾರರ ಮಾಹಿತಿ ನೋಡಿ ಕೊಟ್ಟ ಕೇಸಿನಲ್ಲಿ 2022ರಲ್ಲಿ ಅಮೆರಿಕದ ಕೋರ್ಟ್ ಒಬ್ಬ ಮಾಜಿ ನೌಕರನನ್ನು ತಪ್ಪಿತಸ್ಥ ಅಂತ ಹೇಳಿತು. ಸರ್ಕಾರವನ್ನು ಟೀಕಿಸುತ್ತಿದ್ದ ಅನಾಮಧೇಯ ಖಾತೆಗಳ ಹಿಂದೆ ಯಾರಿದ್ದಾರೆ ಅನ್ನುವುದು ಅವರಿಗೆ ಬೇಕಿತ್ತು. ಅಣ್ಣ ಫೋನಲ್ಲಿ ಬೇಡ ಅಂದದ್ದು ಹೆದರಿಕೆಯಿಂದ ಅಂತ ಮೊದಲು ಅಂದುಕೊಂಡಿದ್ದೆ. ಈಗ ಅವನ ಲೆಕ್ಕ ಸರಿಯಾಗಿಯೇ ಇತ್ತು ಅನಿಸುತ್ತದೆ.

ಮತ್ತೆ ಮಂಗಳೂರಿಗೆ ಬರುತ್ತೇನೆ. 48 ಗಂಟೆ ಮುಗಿದು ನೆಟ್ ಬಂತು, ಕರ್ಫ್ಯೂ ಹೋಯಿತು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳು ಎಂದಿನ ಹಾಗೆ ಹಾರ್ನ್ ಹೊಡೆಯತೊಡಗಿದವು. 2020ರ ಆರಂಭದಲ್ಲಿ ಕೇರಳದ ನೂರಾರು ಜನರಿಗೆ ಮಂಗಳೂರು ಪೊಲೀಸರಿಂದ ನೋಟಿಸ್ ಹೋಯಿತು. ನೋಟಿಸಿಗೆ ಕಾರಣ ಒಂದೇ. ಡಿಸೆಂಬರ್ 19ರಂದು ಅವರ ಮೊಬೈಲ್ ಮಂಗಳೂರಿನ ಟವರ್ ವ್ಯಾಪ್ತಿಯಲ್ಲಿತ್ತು, ಅಷ್ಟೆ. ಬಂದು ಹಾಜರಾಗಿ, ಆವತ್ತು ಇಲ್ಲಿ ಯಾಕಿದ್ದಿರಿ ಅಂತ ಹೇಳಬೇಕು.

ಕಾಸರಗೋಡಿನವರು ಮಂಗಳೂರಿಗೆ ಯಾಕೆ ಬರುತ್ತಾರೆ ಅಂತ ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಆಸ್ಪತ್ರೆಗೆ ಬರುತ್ತಾರೆ. ಕಾಲೇಜಿಗೆ ಬರುತ್ತಾರೆ. ದಕ್ಕೆಗೆ ಮೀನಿಗೆ ಬರುತ್ತಾರೆ. ಮದುವೆ ಸೀರೆಗೆ ಬರುತ್ತಾರೆ, ರೈಲು ಹಿಡಿಯಲು ಬರುತ್ತಾರೆ. ಮಂಜೇಶ್ವರದವರಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ. ಅವರಲ್ಲಿ ಎಷ್ಟೋ ಜನ ಕನ್ನಡ, ತುಳು ಮಾತಾಡುವವರು.

ಈ ಕೆಲಸ ನಡೆಯುವುದು ಹೇಗೆ? ನಾವು ಕಾಲ್ ಮಾಡಿದಾಗ, ಡೇಟಾ ಬಳಸಿದಾಗ ಫೋನ್ ಹತ್ತಿರದ ಟವರ್ ಒಂದಕ್ಕೆ ಅಂಟಿಕೊಳ್ಳುತ್ತದೆ. ಯಾವ ನಂಬರು, ಯಾವ ಟವರ್, ಎಷ್ಟು ಹೊತ್ತಿಗೆ ಅನ್ನುವುದು ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಪೊಲೀಸರ ಬಾಯಲ್ಲಿ ಇದು ಸಿಡಿಆರ್, ಅಂದರೆ ಕಾಲ್ ಡೀಟೇಲ್ ರೆಕಾರ್ಡ್. ಒಬ್ಬನ ಸಿಡಿಆರ್ ತೆಗೆಸುವುದು ಒಂದು ಬಗೆ. ಟವರ್ ಡಂಪ್ ಬೇರೆ. ಅದರಲ್ಲಿ ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆವರೆಗೆ ಈ ಟವರ್ ಬಳಸಿದ ಎಲ್ಲ ನಂಬರುಗಳೂ ಒಟ್ಟಿಗೆ ಬರುತ್ತವೆ. ಮಾತಿನಲ್ಲಿ ಏನಿತ್ತು ಅಂತ ಅದರಲ್ಲಿ ಇರುವುದಿಲ್ಲ. ಯಾವ ರಸ್ತೆಯಲ್ಲಿದ್ದರು ಅಂತಲೂ ಸರಿಯಾಗಿ ಗೊತ್ತಾಗುವುದಿಲ್ಲ. ಕಲ್ಲು ಹಿಡಿದವನು, ಕಲ್ಲಿನಿಂದ ತಪ್ಪಿಸಿಕೊಂಡು ಓಡಿದವನು, ಪಕ್ಕದ ಬಿಲ್ಡಿಂಗಿನಲ್ಲಿ ಹಲ್ಲು ಕೀಳಿಸಲು ಕೂತವನು, ಮೂವರೂ ಒಂದೇ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತಾರೆ.

ಯಾರದ್ದಾದರೂ ಮಾತು ಕದ್ದಾಲಿಸಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಈ ಪಟ್ಟಿಗೆ ಅದೂ ಬೇಡ. ಪೊಲೀಸ್ ಇಲಾಖೆಯಿಂದ ಕಂಪನಿಗೆ ಪತ್ರ ಹೋದರೆ ಆಯಿತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೈಸೆನ್ಸ್ ಷರತ್ತು ಬದಲಿಸಿತು. ಅಲ್ಲಿವರೆಗೆ ಕಂಪನಿಗಳು ಒಂದು ವರ್ಷ ಇಟ್ಟುಕೊಳ್ಳಬೇಕಿದ್ದ ದಾಖಲೆಯನ್ನು ಅಲ್ಲಿಂದ ಮುಂದೆ ಎರಡು ವರ್ಷ ಇಟ್ಟುಕೊಳ್ಳಬೇಕು. ಹೋದ ವರ್ಷ ಮಳೆಗಾಲದ ಒಂದು ಸಂಜೆ ನೀವು ಹಂಪನಕಟ್ಟೆಯಲ್ಲಿ ಯಾಕಿದ್ದಿರಿ ಅಂತ ನಿಮಗೆ ನೆನಪಿದೆಯಾ? ನನಗಿಲ್ಲ. ಆದರೆ ಕೇಳುವವರ ಕೈಯಲ್ಲಿ ಗಂಟೆ, ನಿಮಿಷ ಎಲ್ಲ ಇರುತ್ತದೆ. ಉತ್ತರ ಕೊಡಬೇಕಾದ್ದು ನಾವು.

ಆವತ್ತು ಆ ನೋಟಿಸ್ ಸುದ್ದಿ ಓದಿ, "ಸರಿಯೇ, ತಪ್ಪು ಮಾಡದಿದ್ದರೆ ಬಂದು ಹೇಳಲಿ" ಅಂದ ಕೆಲವರು ನನ್ನ ಪರಿಚಯದಲ್ಲೇ ಇದ್ದಾರೆ. 2025ರ ಜೂನ್‌ನಲ್ಲಿ ಅವರ ಸರದಿ ಬಂತು. ಸರಣಿ ಕೊಲೆಗಳ ನಂತರ ದಕ್ಷಿಣ ಕನ್ನಡದಲ್ಲಿ ಪೊಲೀಸರು ಹಿಂದೂ ಸಂಘಟನೆಗಳ ಮುಖಂಡರ ಮನೆಗಳಿಗೆ ರಾತ್ರಿ ಹೊತ್ತು ಹೋಗಿ, ಜಿಪಿಎಸ್ ಸಹಿತ ಫೋಟೊ ತೆಗೆಯತೊಡಗಿದರು. ಬಾಗಿಲು ತೆರೆದು ನಿಂತವರ ಫೋಟೊ, ಅದರ ಕೆಳಗೆ ಜಾಗ, ಸಮಯ. ದೊಡ್ಡ ಗಲಾಟೆಯಾಯಿತು. ವಿಷಯ ಹೈಕೋರ್ಟಿಗೂ ಹೋಯಿತು. "ಮನೆಯಲ್ಲಿ ವಯಸ್ಸಾದವರಿದ್ದಾರೆ, ನಡುರಾತ್ರಿ ಬಂದು ಬೆಲ್ ಮಾಡುವುದೆಂದರೆ ಏನು?" ಅಂತ ನನ್ನ ಅದೇ ಪರಿಚಯದವರು ಕೇಳಿದರು. ಅವರು ಕೇಳಿದ್ದು ಸರಿಯೇ ಇತ್ತು.

2020ರಲ್ಲಿ ರಾಜ್ಯದಲ್ಲಿ ಬಿಜೆಪಿ ಸರ್ಕಾರ. 2025ರಲ್ಲಿ ಕಾಂಗ್ರೆಸ್ ಸರ್ಕಾರ. ನೋಟಿಸ್ ಹೋದವರು ಒಂದು ಕಡೆಯವರು, ಫೋಟೊ ತೆಗೆಸಿಕೊಂಡವರು ಇನ್ನೊಂದು ಕಡೆಯವರು. ವಿಧಾನ ಮಾತ್ರ ಒಂದೇ: ಮೊದಲು ಪಟ್ಟಿ, ಆಮೇಲೆ ವಿವರಣೆ.

ರಾತ್ರಿ ಬಾಗಿಲು ತಟ್ಟುವುದಕ್ಕೆ ನಮ್ಮ ಕೋರ್ಟುಗಳಲ್ಲಿ ಹಳೆಯ ಕಥೆಯೊಂದಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಅನ್ನುವವನನ್ನು ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷಿಯಿಲ್ಲ ಅಂತ ಬಿಟ್ಟಿದ್ದರು. ಆದರೂ ಅವನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದು, ರಾತ್ರಿ ಬಂದು ಕೂಗಿ ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಭೇಟಿಯನ್ನು ರದ್ದು ಮಾಡಿತು. ಆದರೆ ಅದೇ ಉಸಿರಿನಲ್ಲಿ, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಅಂತ ಬಹುಮತದ ತೀರ್ಪು ಹೇಳಿತು. ಆ ಒಂದು ಸಾಲು ಅಳಿಸಲು 55 ವರ್ಷ ಹಿಡಿಯಿತು. ಅಳಿಸಲು ಹೊರಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಕಾನೂನು ಓದುವ ಮಕ್ಕಳು ಇವತ್ತಿಗೂ ಆ ತೀರ್ಪನ್ನು ಕರೆಯುವುದು ಪುಟ್ಟಸ್ವಾಮಿ ಅಂತಲೇ. 2024ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಎಷ್ಟು ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅವರ ಫೋಟೊ ಇತ್ತು? ಇರಲಿ.

ಆ ತೀರ್ಪು ಸರ್ಕಾರದ ಕೈ ಕಟ್ಟಿಹಾಕಿಲ್ಲ. ಮೂರು ಪ್ರಶ್ನೆ ಕೇಳಿ ಅನ್ನುತ್ತದೆ. ಇದಕ್ಕೊಂದು ಕಾನೂನಿದೆಯಾ? ಉದ್ದೇಶ ಸರಿ ಇದೆಯಾ? ಆ ಉದ್ದೇಶಕ್ಕೆ ಬೇಕಾದಷ್ಟೇ ಮಾಡಿದ್ದೀರಾ, ಅಥವಾ ಜಾಸ್ತಿಯಾಯಿತಾ? ಟವರ್ ನೋಟಿಸನ್ನು ಇದಕ್ಕೆ ಹಚ್ಚಿ ನೋಡಿ. ಕಾನೂನಿದೆ. ಗಲಭೆ ಮಾಡಿದವರನ್ನು ಹಿಡಿಯುವ ಉದ್ದೇಶ ಸರಿಯೇ. ಮೂರನೆಯದರಲ್ಲಿ, ನನ್ನ ಲೆಕ್ಕದಲ್ಲಿ, ಫೇಲ್. ಊರಿಗೆ ಬಂದ ನೂರಾರು ಜನರನ್ನು ಠಾಣೆಗೆ ಕರೆಯುವ ಬದಲು, ವೀಡಿಯೊದಲ್ಲಿ ಕಂಡವರ ನಂಬರು ಆ ಪಟ್ಟಿಯಲ್ಲಿದೆಯಾ ಅಂತ ನೋಡಬಹುದಿತ್ತು. ದಾರಿ ಉಲ್ಟಾ ಹಿಡಿದರು.

ಹಾಗಾದರೆ ಈ ಮೂರು ಪ್ರಶ್ನೆ ಕೇಳುವವರು ಯಾರು? ಇಲ್ಲಿ ನಮ್ಮ ವ್ಯವಸ್ಥೆ ಬಹಳ ಸಡಿಲ. ಫೋನ್ ಕದ್ದಾಲಿಕೆ ಕರ್ನಾಟಕಕ್ಕೆ ಹೊಸತೇನಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ಆ ಆರೋಪದ ಮೇಲೆ. 1996ರಲ್ಲಿ ಸುಪ್ರೀಂ ಕೋರ್ಟ್ ಕೆಲವು ನಿಯಮ ಹಾಕಿತು. ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಕಾರ್ಯದರ್ಶಿಗಳ ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ಕೊಡುವವರೂ ಸರ್ಕಾರದವರು, ನೋಡುವವರೂ ಸರ್ಕಾರದವರು. ಜಡ್ಜ್ ಎಲ್ಲೂ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂದಾಗಲೂ ಈ ಏರ್ಪಾಡು ಹಾಗೇ ಉಳಿಯಿತು.

ಆ ಸಮಿತಿಯ ಕೆಲಸ ಎಷ್ಟಿದೆ ಅಂತ ನೋಡಿದರೆ ನಗು ಬರುತ್ತದೆ. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಕೊಡುತ್ತದೆ ಅಂತ ಹಿಂದೆ ಆರ್‌ಟಿಐ ಉತ್ತರವೊಂದರಲ್ಲಿ ಹೊರಬಂದಿತ್ತು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದು ಸಭೆಗೆ 15,000ದಿಂದ 18,000 ಆದೇಶ. ಡೇಟಾ ರಕ್ಷಣೆ ಬಗ್ಗೆ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೇ 2018ರಲ್ಲಿ, ಇದು ಆಗುವಂಥ ಕೆಲಸವಲ್ಲ ಅಂತ ಬರೆಯಿತು. ನಾನು ಲೆಕ್ಕ ಹಾಕಿದೆ. ಎಂಟು ಗಂಟೆ ಚಹಾಕ್ಕೂ ಏಳದೆ ಕೂತರೂ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಫೈಲ್ ನೋಡಬೇಕು. ಅಷ್ಟು ವೇಗದಲ್ಲಿ ಮದುವೆ ಮನೆಯಲ್ಲಿ ಬಾಳೆಲೆಗೆ ಉಪ್ಪು ಬಡಿಸಬಹುದು, ಅಷ್ಟೆ.

ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ಸಾಫ್ಟ್‌ವೇರಿನ ವಿಷಯ ಬಂದಾಗಲೂ ಇದೇ ಗೋಡೆ ಅಡ್ಡ ಬಂತು. 2021ರ ಜುಲೈಯಲ್ಲಿ ಹೊರಬಂದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ 2019ರ ಕರ್ನಾಟಕ ಮೈತ್ರಿ ಸರ್ಕಾರದ ಕಾಲದ ನಂಬರುಗಳಿದ್ದವು ಅಂತ ವರದಿಯಾಯಿತು. ಕುಮಾರಸ್ವಾಮಿ, ಸಿದ್ದರಾಮಯ್ಯ ಇಬ್ಬರ ಆಪ್ತ ಕಾರ್ಯದರ್ಶಿಗಳದ್ದು, ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರದ್ದು. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನ್ ಪರೀಕ್ಷಿಸಿ, 5ರಲ್ಲಿ ಯಾವುದೋ ಮಾಲ್‌ವೇರ್ ಇತ್ತು, ಅದು ಪೆಗಾಸಸ್ಸೇ ಅಂತ ಹೇಳಲಾಗದು ಅಂದಿತು. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಅಂತ ಕೋರ್ಟಿನಲ್ಲೇ ಹೇಳಲಾಯಿತು. ಇನ್ನೊಂದು ತಮಾಷೆ ಕೇಳಿ. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಲ್ಲಿ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ಶುರುವಾಯಿತು. ಮಂಗಳೂರಿಗೆ ಬಂದು ಅದನ್ನು ಉದ್ಘಾಟಿಸಿದ ಗೃಹ ಸಚಿವರು ಇದೇ ಪರಮೇಶ್ವರ. ಪಡೆ ಬೇಕಿತ್ತು ಅಂತಲೇ ನಾನೂ ಹೇಳುತ್ತೇನೆ. ಆದರೆ ನೋಡಿಸಿಕೊಂಡವರು ನೋಡುವವರಾಗಲು ಎಷ್ಟು ಕಡಿಮೆ ಸಮಯ ಸಾಕು ಅಲ್ವಾ?

ನಮಗಾಗಿ ಅಂತ ಬಂದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಿಂದ ಇಲ್ಲಿ ಹೆಚ್ಚು ಸಹಾಯ ಸಿಗುವುದಿಲ್ಲ. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಅಂಗಡಿಯವರು, ಬ್ಯಾಂಕಿನವರು, ಆ್ಯಪ್‌ನವರು ನಮ್ಮ ಮಾಹಿತಿ ಹೇಗೆ ಇಟ್ಟುಕೊಳ್ಳಬೇಕು ಅಂತ ಅದರಲ್ಲಿದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಇಂಥ ಕಾರಣ ಕೊಟ್ಟು ತನ್ನದೇ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡುವ ಅಧಿಕಾರ 17ನೇ ಸೆಕ್ಷನ್ನಿನಲ್ಲಿ ಕೇಂದ್ರಕ್ಕಿದೆ. ಬೇಲಿ ಪೂರ್ತಿ ಹಾಕಿ ಒಂದು ತಡಮೆ ಬಿಟ್ಟ ಹಾಗೆ.

ಇನ್ನು ಸರ್ಕಾರವಲ್ಲದ ಓದುಗರು. ಕರಾವಳಿಯಲ್ಲಿ ಇವರನ್ನು ಬಿಟ್ಟು ಮಾತು ಮುಗಿಯುವುದಿಲ್ಲ. ಜ್ಯೂಸ್ ಅಂಗಡಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತಿರುತ್ತಾರೆ. ಯಾರೋ ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ನೈತಿಕ ಪೊಲೀಸ್‌ಗಿರಿಯವರ ಬೈಕು ಬರುತ್ತದೆ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲ್ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ದಾಳಿ ಆದಾಗ ಇಷ್ಟು ಸ್ಮಾರ್ಟ್‌ಫೋನ್ ಇರಲಿಲ್ಲ. ಆಗ ದಾಳಿಯನ್ನು ಜಗತ್ತಿಗೆ ತೋರಿಸಿದ ಟಿವಿ ವರದಿಗಾರನನ್ನೂ ಪೊಲೀಸರು ಆರೋಪಿ ಮಾಡಿ ಬಂಧಿಸಿದರು. ನಾಲ್ಕು ತಿಂಗಳಿಗಿಂತ ಜಾಸ್ತಿ ಅವರು ಜೈಲಿನಲ್ಲಿದ್ದರು. ಸುದ್ದಿ ಕೊಡುವವರಿಗೆ ಇದು ಯಾವ ಪಾಠ ಕಲಿಸಿತು ಅಂತ ಯೋಚಿಸಿ. ನಾಳೆ ಒಂದು ಹಾಸ್ಟೆಲಿನಲ್ಲೋ ಕಚೇರಿಯಲ್ಲೋ ತಪ್ಪು ಕಂಡವನು ವರದಿಗಾರನಿಗೆ ಫೋನ್ ಮಾಡುವ ಮೊದಲು, ಈ ಕಾಲ್ ಯಾರ ಪಟ್ಟಿಯಲ್ಲಿ ಕಾಣುತ್ತದೋ ಅಂತ ಲೆಕ್ಕ ಹಾಕುತ್ತಾನೆ. ಹಾಗೆ ಲೆಕ್ಕ ಹಾಕಿ ಮಾಡದೆ ಬಿಟ್ಟ ಕಾಲ್‌ಗಳನ್ನು ಯಾವ ಸಿಡಿಆರ್‌ನಲ್ಲೂ ಹುಡುಕಲಾಗದು.

ವಾಟ್ಸಾಪ್‌ನಲ್ಲಿ ಎಲ್ಲ ಎನ್‌ಕ್ರಿಪ್ಟ್ ಆಗಿದೆಯಲ್ಲ ಅಂತ ಕೇಳುವವರಿದ್ದಾರೆ. ಹೌದು, 2016ರಿಂದ ಮೆಸೇಜಿನ ಒಳಗಿನದ್ದು ಕಳಿಸಿದವರಿಗೂ ಪಡೆದವರಿಗೂ ಬಿಟ್ಟು ದಾರಿಯಲ್ಲಿ ಯಾರಿಗೂ ಕಾಣುವುದಿಲ್ಲ. ಇದು ದೊಡ್ಡ ವಿಷಯವೇ. ಮೆಸೇಜು ಮೊದಲು ಹುಟ್ಟಿದ್ದು ಯಾರ ಫೋನಿನಲ್ಲಿ ಅಂತ ಹೇಳಿ ಅನ್ನುವ 2021ರ ಐಟಿ ನಿಯಮದ ವಿರುದ್ಧ ವಾಟ್ಸಾಪ್ ದಿಲ್ಲಿ ಹೈಕೋರ್ಟಿಗೆ ಹೋಗಿರುವುದೂ ಅದಕ್ಕೇ. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದರು ಅನ್ನುವುದು ಬೇರೆ ಲೆಕ್ಕ. ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ಸೆಟ್ಟಿಂಗ್‌ನಲ್ಲಿ ಪ್ರತ್ಯೇಕವಾಗಿ ಬೀಗ ಹಾಕಬೇಕು, ಹೆಚ್ಚಿನವರು ಹಾಕಿರುವುದಿಲ್ಲ. ಲಿಂಕ್ಡ್ ಡಿವೈಸಸ್ ಅಂತ ಒಂದು ಜಾಗವಿದೆ. ಅಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಕೂತಿದೆಯಾ ಅಂತ ತಿಂಗಳಿಗೊಮ್ಮೆ ನೋಡಿದರೆ ನಷ್ಟವಿಲ್ಲ. ಫೋನಿಗೆ ಬೆರಳಿನ ಜೊತೆ ಉದ್ದದ ಪಿನ್ ಇರಲಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಲೊಕೇಶನ್ ಯಾಕೆ? ಫೇಸ್‌ಬುಕ್‌ನಲ್ಲಿ ನಿಮ್ಮ ಹೆಸರನ್ನೇ ಆಗಾಗ ಹುಡುಕಿ. ಸೌದಿಗೆ ಹೋದವರ ಮನೆಯವರು ಇದನ್ನು ಖಂಡಿತ ಮಾಡಬೇಕು. ಇಷ್ಟೆಲ್ಲ ಮಾಡಿಯೂ ಗ್ರೂಪಿನಲ್ಲಿರುವ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಮುಗಿಯಿತು, ಅದಕ್ಕೆ ಮದ್ದಿಲ್ಲ.

ಸೆಟ್ಟಿಂಗ್ ಬದಲಿಸಿದರೆ ಟವರ್ ನೋಟಿಸ್ ನಿಲ್ಲುವುದಿಲ್ಲ. ಅದು ನಿಲ್ಲುವುದು ಜನ ತಕರಾರು ಮಾಡಿದಾಗ. 2025ರ ನವೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆ, ಸಂಚಾರ್ ಸಾಥಿ ಅನ್ನುವ ಸರ್ಕಾರಿ ಆ್ಯಪ್ ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಇರಬೇಕು ಅಂತ ಕಂಪನಿಗಳಿಗೆ ಆದೇಶ ಕೊಟ್ಟಿತು. ಕಳೆದ ಫೋನ್ ಬ್ಲಾಕ್ ಮಾಡಲು, ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ತೆಗೆದಿದ್ದಾರಾ ಅಂತ ನೋಡಲು ಅದು ಒಳ್ಳೆಯ ಆ್ಯಪೇ. ಬೇಕಾದವರು ಹಾಕಿಕೊಳ್ಳಲಿ. ಕಡ್ಡಾಯ ಯಾಕೆ ಅಂತ ಎಲ್ಲ ಕಡೆಯಿಂದ ಪ್ರಶ್ನೆ ಬಂತು. ಡಿಸೆಂಬರ್ 3ರಂದು ಸರ್ಕಾರ ಕಡ್ಡಾಯವನ್ನು ವಾಪಸ್ ತೆಗೆದುಕೊಂಡಿತು. ಸುದ್ದಿ ಹೊರಬಿದ್ದು ಒಂದು ವಾರವೂ ಆಗಿರಲಿಲ್ಲ.

ಅಣ್ಣ ಕಳೆದ ಏಪ್ರಿಲ್‌ನಲ್ಲಿ ರಜೆಗೆ ಬಂದಿದ್ದ. ಬಜ್ಪೆ ಏರ್‌ಪೋರ್ಟಿನಿಂದ ಮನೆ ತಲುಪುವಾಗ ಸಂಜೆಯಾಗಿತ್ತು. ಸ್ನಾನ ಮುಗಿಸಿ, ಬಂಗುಡೆ ಪುಳಿಮುಂಚಿ ಊಟ ಮಾಡಿ, ಜಗಲಿಯಲ್ಲಿ ಕೂತ. ಫೋನ್ ಒಳಗೆ ಚಾರ್ಜಿಗೆ ಇಟ್ಟಿದ್ದ. ಅಮ್ಮ ವೀಳ್ಯದೆಲೆ ಒರೆಸುತ್ತಾ ಕೇಳಿದಳು, "ಆವತ್ತು ಫೋನಲ್ಲಿ ಬೇಡ ಅಂದೆಯಲ್ಲ, ಕ್ಯಾಂಪಿನ ವಿಷಯ. ಅದೆಂಥದು?"

ಅಣ್ಣ ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದ.

"ಯಾವುದಮ್ಮ? ನೆನಪಾಗ್ತಾ ಇಲ್ಲ."